ಪೇಶಿ ನಿಮ್ಮದು: ಕಲಬುರಗಿಯಲ್ಲಿ ವಕೀಲರನ್ನು ಹುಡುಕುವುದು, ಅವರಿಂದ ಕೆಲಸ ಪಡೆಯುವುದು ಹೇಗೆ

ಬೆಳಿಗ್ಗೆ ಹತ್ತೂವರೆಗೆ ಕಲಬುರಗಿಯ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ನಿಂತರೆ ಅವರು ದಿನವೂ ಕಾಣುತ್ತಾರೆ. ಚಿಂಚೋಳಿಯಿಂದಲೋ ಅಫಜಲಪುರದಿಂದಲೋ ಮೊದಲ ಬಸ್ಸಿಗೆ ಬಂದ ಹಿರಿಯರು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ನಾಲ್ಕು ಮಡಿಕೆಯಾದ ಪಹಣಿಗಳು, ಅದರ ಮೇಲೊಂದು ಬುತ್ತಿಗಂಟು. ಕಪ್ಪು ಕೋಟು ಕಂಡವರನ್ನೆಲ್ಲ ತಡೆದು 'ನಮ್ಮ ವಕೀಲ ಸಾಹೇಬರು ಬಂದರೇ?' ಎಂದು ಕೇಳುತ್ತಾರೆ. ಪ್ರಕರಣದ ಸಂಖ್ಯೆ ಕೇಳಿದರೆ ತಿಳಿಯದು. ಯಾವ ನ್ಯಾಯಾಧೀಶರ ಮುಂದೆ ಎಂದರೆ ತಿಳಿಯದು. ಇವತ್ತಿನ ಪೇಶಿ, ಅಂದರೆ ವಿಚಾರಣೆಯ ತಾರೀಖು, ಯಾತಕ್ಕೆ ಎಂದರೆ, 'ಅದೆಲ್ಲ ಸಾಹೇಬರಿಗೆ ಗೊತ್ತು.' ಹೊಲ ಇವರದು, ಹಣ ಇವರದು, ಕಳೆದುಹೋದ ಒಂಬತ್ತು ವರ್ಷ ಇವರದು. ಗೊತ್ತಿರುವುದು ಮಾತ್ರ ಸಾಹೇಬರಿಗೆ.

ಅವರಿಗಾಗಿ, ಅವರಿಗಿಂತ ಹೆಚ್ಚಾಗಿ ಅವರ ಪರವಾಗಿ ಮೊಬೈಲಿನಲ್ಲಿ ಇದನ್ನು ಓದಬಲ್ಲ ಮಗಳು ಅಥವಾ ಮೊಮ್ಮಗನಿಗಾಗಿ ಈ ಬರಹ. ನಾನೂ ಆ ಕಪ್ಪು ಕೋಟಿನವಳೇ. ಎರಡು ದಶಕಗಳಿಂದ ಇಲ್ಲಿಯ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿಗಳನ್ನು ಕೇಳುವುದು, ಸಾಕ್ಷಿಗಳಿಂದ ಕೇಳಿಸಿಕೊಳ್ಳುವುದು ನನ್ನ ಕಸುಬು. ಹೆಸರು ಹಾಕಿಕೊಂಡಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ಕಕ್ಷಿದಾರರನ್ನು ಕರೆಯುವಂತಿಲ್ಲ. ನಿಮಗೆ ಇಲ್ಲೇ ಒಂದು ಅಳತೆಗೋಲು ಸಿಕ್ಕಿತು: ಆಸ್ಪತ್ರೆಯ ಬಾಗಿಲಲ್ಲಿ, ಠಾಣೆಯ ಮುಂದೆ, ಅಪಘಾತವಾದ ಮನೆಯ ಅಂಗಳದಲ್ಲಿ ತಾವಾಗಿಯೇ ಬಂದು ಚೀಟಿ ಕೊಡುವವರು ಮೊದಲ ದಿನವೇ ನಿಯಮ ಮುರಿದವರು.

ಮೊದಲ ಕೆಲಸ: ಟ್ರಂಕು ತೆರೆಯಿರಿ

ವಕೀಲರ ಕಚೇರಿಗೆ ಹೋಗುವ ಮುನ್ನ ಒಂದು ಸಂಜೆ ಮನೆಯಲ್ಲಿ ಕುಳಿತು ನಡೆದದ್ದನ್ನು ಇಸವಿಗಳ ಕ್ರಮದಲ್ಲಿ ಒಂದೇ ಹಾಳೆಯಲ್ಲಿ ಬರೆಯಿರಿ. ಯಾರು ತಪ್ಪು, ಯಾರು ದುಷ್ಟರು ಎಂದು ಬರೆಯುವುದು ಬೇಡ. ಯಾವಾಗ, ಎಲ್ಲಿ, ಯಾರ ಎದುರು ಏನು ನಡೆಯಿತು ಎಂಬುದಷ್ಟೇ ಇರಲಿ. ಇಸವಿ ನೆನಪಿಲ್ಲದಿದ್ದರೆ 'ಅಕ್ಕನ ಮದುವೆಯ ಹಿಂದಿನ ತೊಗರಿ ರಾಶಿಯಲ್ಲಿ' ಎಂದು ಬರೆದರೂ ಆಯಿತು. ಅಕ್ಕನ ಲಗ್ನಪತ್ರಿಕೆ ಎಲ್ಲೋ ಇದ್ದೇ ಇರುತ್ತದೆ.

ಅನಂತರ ಟ್ರಂಕು. ನಮ್ಮ ಭಾಗದ ಜಮೀನಿನ ಕಾಗದಗಳಿಗೆ ಮೈಸೂರು ಸೀಮೆಯವರಿಗೆ ಇಲ್ಲದ ಒಂದು ತೊಡಕಿದೆ. 1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ, ಬೀದರ, ಯಾದಗಿರಿ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆದ್ದರಿಂದ ಹಳೆಯ ದಾಖಲೆಗಳು ಉರ್ದುವಿನಲ್ಲಿವೆ. ಅಜ್ಜನ ಕಾಲದ ಆ ಕಾಗದ ಓದಲು ಬರುವುದಿಲ್ಲವೆಂದು ಬದಿಗಿಟ್ಟವರನ್ನು, ಕೆಲವೊಮ್ಮೆ ಒಲೆಗೆ ಹಾಕಿದವರನ್ನೂ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಯಾರ ಹೊಲ, ಯಾರ ಸಾಗುವಳಿ ಎಂದು ಬರೆದ 1954-55ರ ಖಾಸ್ರಾ ಪಹಣಿಯ ಒಂದೇ ಹಾಳೆಯ ಮೇಲೆ ನಿಂತ ದಾವೆಗಳು ನಮ್ಮಲ್ಲಿ ಎಷ್ಟೋ ಇವೆ. ಉರ್ದು ಕಾಗದವನ್ನು ಅನುವಾದ ಮಾಡಿಸಿ ಹಾಜರುಪಡಿಸಬಹುದು. ಬೂದಿಯನ್ನು ಹಾಜರುಪಡಿಸಲು ಬರುವುದಿಲ್ಲ.

ಪಹಣಿ, ಮ್ಯುಟೇಶನ್ ಪ್ರತಿ, ವಂಶವೃಕ್ಷ, ನೋಂದಾಯಿತ ಪತ್ರಗಳು, ಬ್ಯಾಂಕಿನ ಚೆಕ್ ಮರಳಿದ ಚೀಟಿ, ಆಸ್ಪತ್ರೆಯ ಕಾಗದ, ವಾಟ್ಸಾಪ್ ಸಂದೇಶ, ಏನೇ ಇರಲಿ, ಎರಡು ಕಟ್ಟು ಮಾಡಿ. ಮೂಲ ಪ್ರತಿಗಳ ಕಟ್ಟು ಮನೆಯಲ್ಲಿರಲಿ. ನೆರಳಚ್ಚಿನ ಕಟ್ಟು ವಕೀಲರಿಗೆ. ಮೂಲವನ್ನು ಕೊಡಲೇಬೇಕಾದ ದಿನ ಬಂದರೆ, ಯಾವ ಯಾವ ಕಾಗದ ಪಡೆದೆ ಎಂದು ಅವರಿಂದ ಒಂದು ಚೀಟಿ ಬರೆಸಿಕೊಳ್ಳಿ. ಇದರಿಂದ ಸಿಟ್ಟಾಗುವ ವಕೀಲರಿದ್ದಾರೆ. ಅವರು ಸಿಟ್ಟಾಗುತ್ತಾರೆ ಎಂಬುದೂ ತಿಳಿದುಕೊಳ್ಳಬೇಕಾದ ವಿಷಯವೇ.

ಕಾಲಮಿತಿ ಮಾತ್ರ ಟ್ರಂಕಿಗಾಗಿ ಕಾಯುವುದಿಲ್ಲ. ಚೆಕ್ ಮರಳಿದ್ದು ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟಿಸು ಹೋಗಬೇಕು. ನೋಟಿಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. ನಿಮ್ಮ ಮೇಲೆಯೇ ದಾವೆ ಬಿದ್ದು ಸಮನ್ಸ್ ಬಂದಿದ್ದರೆ ಉತ್ತರ ಸಲ್ಲಿಸಲು 30 ದಿನ, ನ್ಯಾಯಾಲಯ ಒಪ್ಪಿದರೆ 90 ದಿನದವರೆಗೆ. ಸಮನ್ಸ್ ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಜಾತ್ರೆ ಮುಗಿಯಲೆಂದು ಕಾಯುವವರ ಪಾಲಿಗೆ ಜಾತ್ರೆ ಮುಗಿಯುವಷ್ಟರಲ್ಲಿ ಬಹಳಷ್ಟು ಮುಗಿದಿರುತ್ತದೆ.

ಹುಡುಕುವುದು ಎಲ್ಲಿ

ಸಾಮಾನ್ಯವಾಗಿ ವಕೀಲರು ಸಿಗುವುದು ಜಾತಿಯ ಮೂಲಕ, ಊರಿನ ಮೂಲಕ, ಇಲ್ಲವೇ ಹಿಂದೆ ಯಾವುದೋ ಪ್ರಕರಣ ಗೆದ್ದ ಬೀಗರ ಮೂಲಕ. ಮೂರೂ ಕೆಟ್ಟ ದಾರಿಗಳಲ್ಲ, ಆದರೆ ಸಾಲವು. ಬೀಗರು ಗೆದ್ದದ್ದು ಅಪಘಾತದ ಪರಿಹಾರ, ನಿಮ್ಮದು ಪಾಲುವಾಟಣಿ ದಾವೆ ಆಗಿರಬಹುದು.

ನಾನು ಹೇಳುವ ದಾರಿಗೆ ಖರ್ಚಿಲ್ಲ, ಒಂದು ದಿನ ಬೇಕಷ್ಟೆ. ನಮ್ಮ ನ್ಯಾಯಾಲಯಗಳು ತೆರೆದ ಬಾಗಿಲಿನವು. ಮುಚ್ಚಿದ ಕೋಣೆಯಲ್ಲಿ ನಡೆಯುವ ಕೆಲವು ಬಗೆಯ ಪ್ರಕರಣಗಳನ್ನು ಬಿಟ್ಟರೆ ಯಾರು ಬೇಕಾದರೂ ಒಳಗೆ ಹೋಗಿ, ಮೊಬೈಲು ಬಂದ್ ಮಾಡಿ, ಹಿಂದಿನ ಬೆಂಚಿನಲ್ಲಿ ಕೂರಬಹುದು. ನಿಮ್ಮಂಥದೇ ಪ್ರಕರಣಗಳು ನಡೆಯುವ ನ್ಯಾಯಾಲಯದಲ್ಲಿ ಹನ್ನೊಂದರಿಂದ ಊಟದ ಹೊತ್ತಿನವರೆಗೆ ಕುಳಿತು ನೋಡಿ. ಯಾರ ದನಿ ಜೋರು ಎಂದು ನೋಡಬೇಡಿ. ಸಿನಿಮಾ ನೋಡಿ ನೋಡಿ ದನಿಗೆ ನಾವು ವಿಪರೀತ ಬೆಲೆ ಕಟ್ಟಿದ್ದೇವೆ. ಕಡತ ತೆರೆಯದೆಯೇ ದಿನಾಂಕ ಹೇಳಬಲ್ಲವರು ಯಾರು, ಸಾಕ್ಷಿಗೆ ಚಿಕ್ಕ ಚಿಕ್ಕ ಪ್ರಶ್ನೆ ಕೇಳುವವರು ಯಾರು, ಬೇಡವಾದ ಉತ್ತರ ಬಂದೊಡನೆ ಸಿಡುಕದೆ ನಿಲ್ಲಿಸುವವರು ಯಾರು, ನ್ಯಾಯಾಧೀಶರು ಪ್ರಶ್ನೆ ಕೇಳಿದರೆ 'ಮುಂದಿನ ತಾರೀಖಿಗೆ ಹೇಳುತ್ತೇನೆ' ಎನ್ನದವರು ಯಾರು ಎಂದು ನೋಡಿ. ಹೊರಗೆ ಬಂದ ಮೇಲೆ ತಮ್ಮ ಕಕ್ಷಿದಾರನ ಹೆಗಲ ಮೇಲೆ ಕೈಯಿಟ್ಟು ಒಳಗೆ ಆದದ್ದನ್ನು ಎರಡು ಮಾತಿನಲ್ಲಿ ಹೇಳುವವರು ಯಾರು ಎಂಬುದನ್ನಂತೂ ತಪ್ಪದೆ ನೋಡಿ. ಆ ಎರಡು ನಿಮಿಷ ಕೊಡುವ ವಕೀಲರು ಉಳಿದದ್ದನ್ನೂ ಕೊಡುತ್ತಾರೆ ಎಂಬುದು ನನ್ನ ಅನುಭವ.

ಹಿನ್ನೆಲೆ ಕೇಳಲು ನಾಚಬೇಡಿ. ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯಲ್ಲಿ ಕೊನೆಗೆ ಇಸವಿ ಇರುತ್ತದೆ. ಎಷ್ಟು ವರ್ಷದ ವಕೀಲಿ ಎಂಬುದು ಅದರಲ್ಲೇ ತಿಳಿಯುತ್ತದೆ. ಯಾರ ಕಚೇರಿಯಲ್ಲಿ ಕಿರಿಯರಾಗಿ ಕೆಲಸ ಮಾಡಿದಿರಿ ಎಂದು ಕೇಳಿ. ನಮ್ಮ ಊರಿನಲ್ಲಿ ಈ ಪ್ರಶ್ನೆಗೆ ತೂಕವಿದೆ, ಏಕೆಂದರೆ ವಿಚಾರಣಾ ವಕೀಲಿಯನ್ನು ಕಾಲೇಜು ಕಲಿಸುವುದಿಲ್ಲ, ಕಚೇರಿ ಕಲಿಸುತ್ತದೆ. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಶಿವರಾಜ ಪಾಟೀಲರು ವಕೀಲಿ ನಡೆಸಿದ್ದು ಇದೇ ಊರಿನಲ್ಲಿ. ಇಲ್ಲಿಯ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ ಓದಿದ ಮಲ್ಲಿಕಾರ್ಜುನ ಖರ್ಗೆಯವರು ಕಿರಿಯ ವಕೀಲರಾಗಿ ಸೇರಿದ್ದು ಅವರ ಕಚೇರಿಯನ್ನೇ. ಆಮೇಲೆ ಕಾರ್ಮಿಕರ ಪ್ರಕರಣಗಳನ್ನು ನಡೆಸಿದರು. ಹಿರಿಯರ ಹೆಸರು ಹೇಳಿಕೊಳ್ಳುವವರೆಲ್ಲ ಹಿರಿಯರಂತೆ ಕೆಲಸ ಮಾಡುತ್ತಾರೆಂದು ಇದರರ್ಥವಲ್ಲ. ಆದರೆ ಒಳ್ಳೆಯ ಕಚೇರಿಯಲ್ಲಿ ನಾಲ್ಕೈದು ವರ್ಷ ಕಡತ ಹೊತ್ತವರಿಗೆ ಕಡತದ ಬೆಲೆ ಗೊತ್ತಿರುತ್ತದೆ.

ಇನ್ನೊಂದು ಪ್ರಶ್ನೆ: 'ಎದುರು ಪಕ್ಷದವರ ಪರಿಚಯ ನಿಮಗಿದೆಯೇ?' ಕಲಬುರಗಿ ದೊಡ್ಡ ಊರಾದರೂ ವಕೀಲರ ಲೋಕ ಚಿಕ್ಕದು. ಎದುರು ಪಕ್ಷದೊಡನೆ ತಮಗಿರುವ ಸಂಬಂಧವನ್ನು ಪ್ರಕರಣ ಹಿಡಿಯುವಾಗಲೇ ತಿಳಿಸುವುದು ವಕೀಲರ ಕರ್ತವ್ಯ. ಇದು ನಿಯಮ, ಸೌಜನ್ಯವಲ್ಲ.

ಮೊದಲ ಭೇಟಿ

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ವಕೀಲಿ ಆರಂಭಿಸಿದ ಮೂರನೆಯ ವರ್ಷ ಜೇವರ್ಗಿ ಕಡೆಯ ಒಬ್ಬ ಹೆಣ್ಣುಮಗಳು ತವರಿನ ಹೊಲದಲ್ಲಿ ಪಾಲು ಬೇಕೆಂದು ಬಂದರು. ಜೊತೆಗೆ ಗಂಡನ ಅಣ್ಣ ಇದ್ದರು. ಮಾತೆಲ್ಲ ಅವರದೇ. ನಾನು ಕೇಳಿದ್ದಕ್ಕೆಲ್ಲ ಅವರೇ ಉತ್ತರಿಸಿದರು, ನಾನು ಬರೆದುಕೊಂಡೆ, ಆಕೆ ಹೆಬ್ಬೆಟ್ಟು ಒತ್ತಿದರು. ದಾವೆ ಚೆನ್ನಾಗಿಯೇ ಸಾಗಿತ್ತು. ಪಾಟೀಸವಾಲಿನ ದಿನ ಎದುರು ವಕೀಲರು ಒಂದು ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ನಕಲನ್ನು ಎತ್ತಿ ಹಿಡಿದು, 'ಈ ಹೆಬ್ಬೆಟ್ಟು ನಿಮ್ಮದೇ?' ಎಂದು ಕೇಳಿದರು. ಆಕೆ ಹೌದೆಂದರು. ಅಪ್ಪ ತೀರಿಕೊಂಡ ವರ್ಷ ಅಣ್ಣಂದಿರು ಕಚೇರಿಗೆ ಕರೆದೊಯ್ದು ಒತ್ತಿಸಿದ್ದರಂತೆ. ಮಧ್ಯಾಹ್ನ ಹುಣಸೆ ಮರದ ಕೆಳಗೆ ಕೂತು, ಇದನ್ನು ನನಗೆ ಏಕೆ ಹೇಳಲಿಲ್ಲ ಎಂದೆ. ಆಕೆ ಹೇಳಿದ್ದು: 'ನೀವು ನನ್ನನ್ನು ಕೇಳಲೇ ಇಲ್ಲವಲ್ಲ.'

ಮೋಸದಿಂದ ಒತ್ತಿಸಿಕೊಂಡ ಪತ್ರವನ್ನು ಪ್ರಶ್ನಿಸಲು ಕಾನೂನಿನಲ್ಲಿ ದಾರಿಯಿತ್ತು, ಆದರೆ ಅದನ್ನು ದಾವೆಯಲ್ಲೇ ಹೇಳಿರಬೇಕಿತ್ತು. ತಿದ್ದುಪಡಿ, ಅದಕ್ಕೆ ಆಕ್ಷೇಪ, ಅದರ ಮೇಲೊಂದು ಆದೇಶ ಎಂದು ಎರಡು ವರ್ಷ ಹೋಯಿತು. ಅಂದಿನಿಂದ ನಾನು ಕಕ್ಷಿದಾರರೊಡನೆ ಮೊದಲ ಅರ್ಧ ಗಂಟೆ ಒಬ್ಬರೇ ಇರುವಂತೆ ಮಾತಾಡುತ್ತೇನೆ. ಜೊತೆಗೆ ಬಂದವರಿಗೆ ಹೊರಗೆ ಚಹಾ.

ನೀವು ಕಾಣುವ ವಕೀಲರು ಹಾಗೆ ಮಾಡದಿದ್ದರೆ ನೀವೇ ಕೇಳಿ. ಯಾರ ಹೆಸರಿನಲ್ಲಿ ದಾವೆಯೋ ಅವರೇ ಮಾತಾಡಲಿ, ತೊದಲಿದರೂ ಸರಿ. ಬೀದರದ ಕಡೆಯ ಎಷ್ಟೋ ಮನೆಗಳಲ್ಲಿ ಮರಾಠಿ, ಸೇಡಂ ಗಡಿಯಲ್ಲಿ ತೆಲುಗು, ನಗರದ ಮೊಹಲ್ಲಾಗಳಲ್ಲಿ ದಖನಿ. ಯಾವ ಮಾತಿನಲ್ಲಿ ನಿಮಗೆ ಅಳು ಬರುತ್ತದೋ ಆ ಮಾತು ಬಲ್ಲ ವಕೀಲರೋ ಗುಮಾಸ್ತರೋ ಕಚೇರಿಯಲ್ಲಿ ಇದ್ದರೆ ಒಳಿತು. ಸತ್ಯವನ್ನು, ಅದರಲ್ಲೂ ನಿಮಗೆ ವಿರುದ್ಧವಾದ ಸತ್ಯವನ್ನು, ಇಲ್ಲಿಯೇ ಹೇಳಿ. ವೃತ್ತಿಯ ಸಲುವಾಗಿ ಕಕ್ಷಿದಾರರು ಹೇಳಿದ ಮಾತನ್ನು ಅವರ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆಡಹುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಇದನ್ನು ಗುಮಾಸ್ತರಿಗೂ ಅನ್ವಯಿಸಿದೆ. ಮುಂದೆ ಮಾಡಬೇಕೆಂದಿರುವ ಅಪರಾಧಕ್ಕೆ ಸಲಹೆ ಕೇಳಿದರೆ ಈ ರಕ್ಷಣೆ ಇಲ್ಲ.

ಮಾತು ಮುಗಿದ ಮೇಲೆ ನಿಮ್ಮ ಸರದಿ. 'ಇದರಲ್ಲಿ ನಮ್ಮ ದುರ್ಬಲ ಜಾಗ ಯಾವುದು?' ಎಂದು ಕೇಳಿ. 'ದುರ್ಬಲ ಜಾಗವೇ ಇಲ್ಲ' ಎಂಬುದು ಉತ್ತರವಾದರೆ ಎದ್ದು ಬನ್ನಿ. 'ನೂರಕ್ಕೆ ನೂರು ಗೆಲುವು' ಎಂದರೂ ಎದ್ದು ಬನ್ನಿ. 'ಸಾಹೇಬರು ನಮಗೆ ಬೇಕಾದವರು' ಎಂದು ನ್ಯಾಯಾಧೀಶರ ಕೊಠಡಿಯತ್ತ ಕಣ್ಣು ತೋರಿಸಿದರೆ ಎದ್ದು ಬರುವುದಲ್ಲ, ಓಡಿ ಬನ್ನಿ. 'ದಾವೆ ಬೇಡ, ಮೊದಲು ಒಂದು ನೋಟಿಸು ಕೊಟ್ಟು ನೋಡೋಣ' ಎನ್ನುವವರ ಎದುರು ಮಾತ್ರ ಇನ್ನೂ ಹತ್ತು ನಿಮಿಷ ಕುಳಿತುಕೊಳ್ಳಿ. ತಮ್ಮ ಶುಲ್ಕಕ್ಕೆ ತಾವೇ ಕತ್ತರಿ ಹಾಕಿಕೊಂಡು ಮಾತಾಡುತ್ತಿರುವವರು ಅವರು.

ಹಣದ ಮಾತು

ಇದನ್ನು ಮುಜುಗರವಿಲ್ಲದೆ ಮೊದಲೇ ಆಡಿ ಮುಗಿಸಬೇಕು. ವಕೀಲರ ಶುಲ್ಕ ಬೇರೆ, ನ್ಯಾಯಾಲಯ ಶುಲ್ಕ ಬೇರೆ, ಸಮನ್ಸ್ ಕಳುಹಿಸುವ ಖರ್ಚು, ನಕಲಿನ ಖರ್ಚು, ಸ್ಥಳ ಪರಿಶೀಲನೆಗೆ ಕಮಿಷನರ್ ನೇಮಕವಾದರೆ ಅವರ ಶುಲ್ಕ, ಇವೆಲ್ಲ ಬೇರೆ ಬೇರೆ. 'ಎಲ್ಲ ಸೇರಿ ಇಷ್ಟು' ಎಂಬ ಲೆಕ್ಕ ಹೇಳುವವರಿಗೂ ಕೇಳುವವರಿಗೂ ಸಲೀಸು, ಆದರೆ ಜಗಳ ಹುಟ್ಟುವುದು ಅಲ್ಲಿಂದಲೇ. ಹಂತ ಹಂತವಾಗಿ ಕೇಳಿ: ದಾವೆ ಹೂಡುವಾಗ ಎಷ್ಟು, ಸಾಕ್ಷಿ ವಿಚಾರಣೆಗೆ ಎಷ್ಟು, ವಾದಕ್ಕೆ ಎಷ್ಟು. ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಮೊಬೈಲಿನಲ್ಲಿ ಹಣ ಕಳುಹಿಸಿದರೆ ಯಾತಕ್ಕೆಂದು ಒಂದು ಪದ ಬರೆದು ಕಳುಹಿಸಿ.

ಗೆದ್ದರೆ ಇಷ್ಟು ಪಾಲು ಎಂಬ ಶೇಕಡಾ ಒಪ್ಪಂದ ನಮ್ಮ ದೇಶದಲ್ಲಿ ವಕೀಲರಿಗೆ ನಿಷಿದ್ಧ. ಪರಿಷತ್ತಿನ 20ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ, ಸುಪ್ರೀಂ ಕೋರ್ಟು 1954ರಷ್ಟು ಹಿಂದೆಯೇ ಇದನ್ನು ವೃತ್ತಿ ದುರ್ನಡತೆ ಎಂದಿದೆ. ಆದರೂ ಅಪಘಾತ ಪರಿಹಾರದಲ್ಲಿ, ಅಣೆಕಟ್ಟು ಮತ್ತು ಕಾಲುವೆಗೆ ಹೋದ ಹೊಲಗಳ ಪರಿಹಾರದಲ್ಲಿ ಈ ಲೆಕ್ಕ ಪಿಸುಮಾತಿನಲ್ಲಿ ನಡೆಯುತ್ತದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. 'ಈಗ ಏನೂ ಕೊಡಬೇಡಿ' ಎಂಬ ಮಾತು ಕೈಯಲ್ಲಿ ಕಾಸಿಲ್ಲದವನಿಗೆ ದೇವರ ಮಾತಿನಂತೆ ಕೇಳುತ್ತದೆ. ಮುಳುಗಡೆಯಾದ ಹೊಲಕ್ಕೆ ಬಂದ ಹಣದ ಮೂರನೆಯ ಒಂದು ಭಾಗ ಮತ್ತೊಮ್ಮೆ ಮುಳುಗಿದಾಗಷ್ಟೇ ಅದರ ಅರ್ಥ ಹೊಳೆಯುವುದು.

ನಿಜವಾಗಿಯೂ ಹಣವಿಲ್ಲದವರಿಗೆ ಬೇರೆ ದಾರಿಯಿದೆ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕೈಗಾರಿಕಾ ಕಾರ್ಮಿಕರು, ಪ್ರವಾಹದಂಥ ವಿಪತ್ತಿಗೆ ಸಿಕ್ಕವರು ಉಚಿತ ವಕೀಲರನ್ನು ಪಡೆಯಬಹುದು. ಇವರಿಗೆ ಆದಾಯದ ಮಿತಿ ಇಲ್ಲ. ಉಳಿದವರಿಗೆ ಸರ್ಕಾರ ನಿಗದಿ ಮಾಡಿದ ಮಿತಿಯಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. 'ಪುಕ್ಕಟೆ ವಕೀಲರು ಕೆಲಸ ಮಾಡುವುದಿಲ್ಲ' ಎಂಬ ಮಾತನ್ನು ಪಂಚಾಯಿತಿ ಕಟ್ಟೆಯಲ್ಲಿ ಕೇಳಿರುತ್ತೀರಿ. ಕೆಲವರು ಮಾಡುವುದಿಲ್ಲ, ನಿಜ. ಹಣ ಪಡೆದವರಲ್ಲೂ ಕೆಲವರು ಮಾಡುವುದಿಲ್ಲ.

ವಕಾಲತ್ತು ನಾಮೆ

ವಕೀಲರ ಕಲ್ಯಾಣ ನಿಧಿಯ ಚೀಟಿ ಅಂಟಿಸಿದ ಒಂದು ಹಾಳೆ. ಅದಕ್ಕೆ ಸಹಿ ಹಾಕಿದೊಡನೆ ನಿಮ್ಮ ಪರವಾಗಿ ಹಾಜರಾಗುವ, ಅರ್ಜಿ ಕೊಡುವ, ಹಣ ಪಡೆಯುವ ಅಧಿಕಾರಗಳು ಇನ್ನೊಬ್ಬರ ಕೈಗೆ ಹೋಗುತ್ತವೆ. ನಮ್ಮಲ್ಲಿ ಇದನ್ನು ಯಾರೂ ಓದುವುದಿಲ್ಲ. ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಖಾಲಿ ಬಿಟ್ಟ ಜಾಗಗಳನ್ನು ತುಂಬಿದ ಮೇಲೆಯೇ ಸಹಿ ಹಾಕಿ. ಅದರ ಜೊತೆಗೆ 'ಮುಂದೆ ಬೇಕಾಗುತ್ತದೆ' ಎಂದು ಮುಂದಿಡುವ ಖಾಲಿ ಹಾಳೆ, ಖಾಲಿ ಛಾಪಾ ಕಾಗದ, ಖಾಲಿ ಚೆಕ್ಕಿಗೆ ಮಾತ್ರ ಯಾವ ಕಾರಣಕ್ಕೂ ಬೇಡ.

ರಾಜಿ ಮಾಡಿಕೊಳ್ಳುವ ಅಧಿಕಾರದ ಸಾಲು ಕಂಡರೆ ಅಲ್ಲಿ ನಿಂತುಕೊಳ್ಳಿ. ಕಕ್ಷಿದಾರರ ಸ್ಪಷ್ಟ ಒಪ್ಪಿಗೆ ಇಲ್ಲದೆ ಅವರ ಹಕ್ಕು ಬಿಟ್ಟುಕೊಡುವ ರಾಜಿಯನ್ನಾಗಲಿ ಹೇಳಿಕೆಯನ್ನಾಗಲಿ ವಕೀಲರು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಯಾವ ಸಾಕ್ಷಿಯನ್ನು ಮೊದಲು ಕರೆಯಬೇಕು, ಏನು ಕೇಳಬೇಕು ಎಂಬುದು ವಕೀಲರ ತಿಳಿವಳಿಕೆಗೆ ಬಿಟ್ಟದ್ದು. ಹೋರಾಡಬೇಕೇ, ನಿಲ್ಲಿಸಬೇಕೇ, ಎಷ್ಟಕ್ಕೆ ಒಪ್ಪಬೇಕು ಎಂಬುದು ನಿಮಗೆ ಬಿಟ್ಟದ್ದು. ಈ ಗೆರೆಯನ್ನು ಎರಡೂ ಕಡೆಯವರು ದಾಟುತ್ತಾರೆ. 'ಆ ಸಾಕ್ಷಿಗೆ ಇದನ್ನು ಕೇಳಿ, ಅದನ್ನು ಕೇಳಿ' ಎಂದು ಹಿಂದಿನಿಂದ ಕೋಟು ಎಳೆಯುವ ಕಕ್ಷಿದಾರರೂ ನನಗೆ ಸಿಕ್ಕಿದ್ದಾರೆ.

ಪೇಶಿಯಿಂದ ಪೇಶಿಗೆ

ಪ್ರಕರಣ ದಾಖಲಾದ ದಿನವೇ ಎರಡು ಸಂಖ್ಯೆ ಬರೆದುಕೊಳ್ಳಿ. ಒಂದು, ಪ್ರಕರಣದ ಸಂಖ್ಯೆ: ಮೂಲ ದಾವೆಯಾದರೆ ಓ.ಎಸ್., ಮೋಟಾರು ಅಪಘಾತವಾದರೆ ಎಂ.ವಿ.ಸಿ., ಮ್ಯಾಜಿಸ್ಟ್ರೇಟರ ಮುಂದಿನ ಕ್ರಿಮಿನಲ್ ಪ್ರಕರಣವಾದರೆ ಸಿ.ಸಿ., ಜೊತೆಗೆ ಇಸವಿ. ಇನ್ನೊಂದು, ಹದಿನಾರು ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ಸಂಖ್ಯೆ. ಇದನ್ನು ಇ-ಕೋರ್ಟ್ಸ್ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು, ಅಂದಿನ ಕೆಲಸ, ಹಿಂದಿನ ದಿನಗಳಲ್ಲಿ ಆದದ್ದು ಎಲ್ಲವೂ ಕಾಣುತ್ತದೆ. ಇದು ಬರುವ ಮುಂಚೆ 'ಇಂದು ಏನಾಯಿತು?' ಎಂಬ ಪ್ರಶ್ನೆಗೆ ವಕೀಲರ ಮಾತೇ ಕಡೆಯದು. ಈಗ ಯಡ್ರಾಮಿಯ ಹೊಲದ ಬದುವಿನ ಮೇಲೆ ಕೂತು ನೋಡಬಹುದು. ನಮ್ಮವರಲ್ಲಿ ಕೆಲವರಿಗೆ ಇದು ಇಷ್ಟವಾಗಿಲ್ಲ ಎಂಬುದನ್ನು ನಗುತ್ತಲೇ ದಾಖಲಿಸುತ್ತೇನೆ.

ಪ್ರತಿ ಪೇಶಿಗೂ ನೀವು ಬರಬೇಕಾಗಿಲ್ಲ. ಸಿವಿಲ್ ದಾವೆಯಲ್ಲಿ ಸಾಕ್ಷ್ಯದ ದಿನ, ರಾಜಿಯ ದಿನ, ನ್ಯಾಯಾಲಯ ಬರಹೇಳಿದ ದಿನ ಬೇಕು, ಉಳಿದವಕ್ಕೆ ವಕೀಲರು ಸಾಕು. ಕ್ರಿಮಿನಲ್ ಪ್ರಕರಣದ ಆರೋಪಿಗೆ ಹಾಗಿಲ್ಲ. ವಿನಾಯಿತಿ ಪಡೆಯದೆ ತಪ್ಪಿಸಿದರೆ ವಾರಂಟ್ ಬರುತ್ತದೆ. ದಿನಗೂಲಿ ಬಿಟ್ಟು ಬಂದವರನ್ನು ಸಂಜೆಯವರೆಗೆ ಕೂರಿಸಿ 'ಮುಂದಿನ ತಿಂಗಳು ಬನ್ನಿ' ಎಂದು ಕಳುಹಿಸುವುದು ನಮ್ಮ ವೃತ್ತಿಯ ದೊಡ್ಡ ಕ್ರೌರ್ಯ. ಅದು ಮುಕ್ಕಾಲು ಪಾಲು ಒಂದು ಫೋನ್ ಕರೆಯಿಂದ ತಪ್ಪುವಂಥದು. ಹಿಂದಿನ ಸಂಜೆ ಗುಮಾಸ್ತರಿಗೆ ಕರೆ ಮಾಡಿ ಕೇಳುವ ಪದ್ಧತಿ ಇಟ್ಟುಕೊಳ್ಳಿ. ಗುಮಾಸ್ತರ ಹೆಸರು, ಕಿರಿಯ ವಕೀಲರ ಹೆಸರು ತಿಳಿದಿರಲಿ. ಕಡತ ಎಲ್ಲಿದೆ ಎಂಬುದು ಹಿರಿಯರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ವಿಚಾರಣೆಯ ಹಂತದಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ವಾಸ್ತವ ಬೇರೆ. ಮುಂದೂಡಿಕೆ ಕೇಳಿದವರು ಯಾರು ಎಂಬುದನ್ನು ನಿಮ್ಮ ನೋಟುಪುಸ್ತಕದಲ್ಲಿ ಬರೆದಿಡಿ. ಒಂದು ವರ್ಷದ ಲೆಕ್ಕ ನೋಡಿದರೆ ತಡ ಮಾಡುತ್ತಿರುವುದು ಎದುರು ಪಕ್ಷವೋ, ನ್ಯಾಯಾಲಯದ ಹೊರೆಯೋ, ನಿಮ್ಮ ವಕೀಲರೋ ಎಂಬುದು ತಾನೇ ತಿಳಿಯುತ್ತದೆ.

ಸಾಕ್ಷಿ ಕಟಕಟೆ

ವಿಚಾರಣಾ ವಕೀಲರ ಕಸುಬು ಬೆಳಗುವುದೂ ಬಯಲಾಗುವುದೂ ಇಲ್ಲೇ. ಸಿವಿಲ್ ದಾವೆಯಲ್ಲಿ ನಿಮ್ಮ ಮುಖ್ಯ ವಿಚಾರಣೆ, ಅಂದರೆ ನಿಮ್ಮ ಕಡೆಯಿಂದ ನೀವು ಹೇಳುವ ಸಾಕ್ಷ್ಯ, ಪ್ರಮಾಣಪತ್ರದ ರೂಪದಲ್ಲಿ ಹೋಗುತ್ತದೆ. ಬರೆಯುವವರು ವಕೀಲರು, ಸಹಿ ನಿಮ್ಮದು, ಪಾಟೀಸವಾಲು ಎದುರಿಸುವವರೂ ನೀವೇ. ಆದ್ದರಿಂದ ಸಹಿಗೆ ಮೊದಲು ಪ್ರತಿ ಸಾಲನ್ನೂ ಓದಿಸಿ ಕೇಳಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಮಾಡಿಕೊಡಿ ಎನ್ನಿ. ನಿಮ್ಮದಲ್ಲದ ಮಾತು ಒಂದೇ ಇದ್ದರೂ ಹೊಡೆಸಿ. 'ಪ್ರಮಾಣಪತ್ರದಲ್ಲಿ ಏನು ಬರೆದಿದೆ ನನಗೆ ಗೊತ್ತಿಲ್ಲ' ಎಂಬ ಒಂದೇ ಉತ್ತರಕ್ಕೆ ಹತ್ತು ವರ್ಷದ ದಾವೆ ಬಿದ್ದದ್ದನ್ನು ನೋಡಿದ್ದೇನೆ.

ಪಾಟೀಸವಾಲಿನ ಭಾಷೆಗೆ ನಮ್ಮ ನ್ಯಾಯಾಲಯಗಳಲ್ಲಿ ಅದರದೇ ವ್ಯಾಕರಣವಿದೆ. ಎದುರು ವಕೀಲರು ಕೇಳುವುದು ಪ್ರಶ್ನೆಯಲ್ಲ, ಒಂದು ಸೂಚನೆ. ಅದು ದಾಖಲಾಗುವುದು ಹೀಗೆ: 'ದಾವೆಯ ಜಮೀನು ಎಂದೂ ನನ್ನ ಕಬ್ಜೆಯಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ.' ಇರಲಿಲ್ಲ ಎಂಬುದೊಂದು ಇಲ್ಲ, ಸರಿಯಲ್ಲ ಎಂಬುದು ಇನ್ನೊಂದು ಇಲ್ಲ, ಎರಡೂ ಕೂಡಿದರೆ ಜಮೀನು ನನ್ನ ಕಬ್ಜೆಯಲ್ಲೇ ಇತ್ತು ಎಂದರ್ಥ. ಈಗ ಊಹಿಸಿ. ಕಟಕಟೆಯಲ್ಲಿ ನಿಂತ ರೈತನಿಗೆ 'ಹೊಲ ನಿನ್ನ ಕಬ್ಜೆಯಲ್ಲಿ ಇರಲಿಲ್ಲ, ಹೌದೋ ಅಲ್ಲವೋ?' ಎಂದು ಕೇಳುತ್ತಾರೆ. ಆತ ಎದೆ ತಟ್ಟಿಕೊಂಡು 'ಹೌದು!' ಎನ್ನುತ್ತಾನೆ, ಹೊಲ ತನ್ನದು ಹೌದು ಎಂಬ ಅರ್ಥದಲ್ಲಿ. ಬೆರಳಚ್ಚಿನಲ್ಲಿ 'ಇರಲಿಲ್ಲ ಎಂದರೆ ಸರಿ' ಎಂದು ಬೀಳುತ್ತದೆ. ಸೂಕ್ಷ್ಮ ಮನಸ್ಸಿನ ನ್ಯಾಯಾಧೀಶರಾದರೆ ತಡೆದು ಇನ್ನೊಮ್ಮೆ ಕೇಳುತ್ತಾರೆ. ಎಲ್ಲ ದಿನವೂ ಎಲ್ಲರೂ ಸೂಕ್ಷ್ಮವಾಗಿರುವುದಿಲ್ಲ, ಅದರಲ್ಲೂ ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನ ಮೂರಕ್ಕೆ.

ಆದ್ದರಿಂದ ನನ್ನ ಕಕ್ಷಿದಾರರಿಗೆ ನಾನು ಹೇಳಿಕೊಡುವುದು ಇಷ್ಟು. ಹೌದು, ಅಲ್ಲ ಎಂಬ ಒಂದೇ ಪದದಲ್ಲಿ ನಿಲ್ಲಿಸಬೇಡಿ, ಇಡೀ ವಾಕ್ಯ ಹೇಳಿ: 'ಹೊಲ ನನ್ನ ಕಬ್ಜೆಯಲ್ಲಿ ಇತ್ತು.' ಪ್ರಶ್ನೆ ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಿ. ಗೊತ್ತಿಲ್ಲ ಬೇರೆ, ನೆನಪಿಲ್ಲ ಬೇರೆ, ನಡೆದಿಲ್ಲ ಬೇರೆ, ಮೂರನ್ನೂ ಬೆರೆಸಬೇಡಿ. ಚೆಕ್ಕುಬಂದಿ, ಎಕರೆ ಗುಂಟೆ, ಯಾವ ವರ್ಷ ಏನು ಬಿತ್ತಿದಿರಿ ಎಂಬುದನ್ನು ಹಿಂದಿನ ದಿನ ಹೊಲಕ್ಕೆ ಹೋಗಿ ನೋಡಿ ಬನ್ನಿ. ಪಹಣಿಯಲ್ಲಿ ತೊಗರಿ ಎಂದಿರುವ ವರ್ಷ ನೀವು ಹತ್ತಿ ಎಂದರೆ ಎದುರು ವಕೀಲರಿಗೆ ಅದೇ ಹಬ್ಬ. ಕೊನೆಗೆ ಹೇಳಿಕೆಗೆ ಸಹಿ ಹಾಕುವ ಮುನ್ನ ಓದಿ ಹೇಳುವಂತೆ ಕೇಳಿ. ತಪ್ಪು ದಾಖಲಾಗಿದ್ದರೆ ಹೇಳಬೇಕಾದ ಹೊತ್ತು ಅದು.

ಹೀಗೆ ಅಭ್ಯಾಸ ಮಾಡಿಸುವುದಕ್ಕೂ ಸುಳ್ಳು ಕಲಿಸುವುದಕ್ಕೂ ನಡುವೆ ಗೋಡೆಯಿದೆ. ನಡೆದದ್ದನ್ನು ತಪ್ಪಿಲ್ಲದೆ ಹೇಳಲು ಕಲಿಸುವವರು ನಿಮ್ಮ ವಕೀಲರು. ನಡೆಯದ್ದನ್ನು ಬಾಯಿಪಾಠ ಮಾಡಿಸುವವರು ನಿಮ್ಮನ್ನು ಜೈಲಿನ ದಾರಿಗೆ ಹಚ್ಚುವವರು. ಸುಳ್ಳು ಸಾಕ್ಷ್ಯಕ್ಕೆ ಶಿಕ್ಷೆಯಾಗುವುದು ಹೇಳಿಸಿದವರಿಗಿಂತ ಮೊದಲು ಹೇಳಿದವರಿಗೆ.

ಬಂಧನವಾದಾಗ

ಇದಕ್ಕೆ ಮೇಲಿನ ನಿಧಾನವೆಲ್ಲ ಹೊಂದುವುದಿಲ್ಲ. ಮನೆಯವರನ್ನು ಪೊಲೀಸರು ಕರೆದೊಯ್ದರೆ ಎಲ್ಲಿಗೆ, ಯಾವ ಪ್ರಕರಣದಲ್ಲಿ ಎಂದು ಕೇಳಿ ಬರೆದುಕೊಳ್ಳಿ. ಬಂಧನದ ಕಾರಣ ತಿಳಿಯುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು, ತನ್ನ ಆಯ್ಕೆಯ ವಕೀಲರನ್ನು ಕಾಣುವುದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕುಗಳು. ಠಾಣೆಯ ವಿಚಾರಣೆಯ ನಡುವೆಯೂ ವಕೀಲರನ್ನು ಭೇಟಿಯಾಗಬಹುದು. ವಕೀಲರಿಲ್ಲದಿದ್ದರೆ ಆ 15100 ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ರಾಜಿ

ಲೋಕ ಅದಾಲತ್ತಿನಲ್ಲಿ ಮುಗಿದ ಪ್ರಕರಣಕ್ಕೆ ಕಟ್ಟಿದ ನ್ಯಾಯಾಲಯ ಶುಲ್ಕ ಮರಳುತ್ತದೆ, ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಎರಡನೆಯದನ್ನು ಸಹಿಗೆ ಮುನ್ನ ನೆನಪಿಡಿ. ಹೆಣ್ಣುಮಕ್ಕಳ ಪಾಲಿನ ದಾವೆಗಳಲ್ಲಿ 'ಅರಿಶಿನ ಕುಂಕುಮಕ್ಕೆಂದು ಇಷ್ಟು ತಗೋ, ತವರಿನ ಬಾಗಿಲು ತೆರೆದಿರಲಿ' ಎಂಬ ಒತ್ತಡ ಬಂದೇ ಬರುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಇದನ್ನು ತಿಳಿದೂ ಕಡಿಮೆಗೆ ಒಪ್ಪುವುದು ಆಕೆಯ ಇಷ್ಟ, ಹಾಗೆ ಒಪ್ಪಿ ನೆಮ್ಮದಿಯಾಗಿರುವವರೂ ಇದ್ದಾರೆ. ತಿಳಿಯದೆ ಒಪ್ಪಿಸಿದರೆ ಮಾತ್ರ ಅದರ ಹೊಣೆ ವಕೀಲರದು. ಎಷ್ಟು ಸಿಗಬಹುದು, ಎಷ್ಟು ವರ್ಷ ಹಿಡಿಯಬಹುದು, ಇಂದು ಎಷ್ಟು ಸಿಗುತ್ತಿದೆ ಎಂಬ ಮೂರು ಅಂಕಿಗಳನ್ನು ಹಾಳೆಯ ಮೇಲೆ ಬರೆಸಿಕೊಂಡು ಒಂದು ರಾತ್ರಿ ಮನೆಯಲ್ಲಿ ಯೋಚಿಸಿ.

ವಕೀಲರನ್ನು ಬದಲಿಸುವುದು

ಬದಲಿಸಬಹುದು. ಹಳೆಯ ವಕೀಲರಿಂದ ಆಕ್ಷೇಪವಿಲ್ಲ ಎಂಬ ಬರಹ ಪಡೆಯುವುದು ರೂಢಿ. ಅವರು ಕೊಡದಿದ್ದರೆ ನ್ಯಾಯಾಲಯದ ಅನುಮತಿ ಕೇಳಬಹುದು. ಶುಲ್ಕ ಬಾಕಿ ಇದೆಯೆಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟು 2000ನೇ ಇಸವಿಯಲ್ಲೇ ಹೇಳಿದೆ. ಬಾಕಿ ನಿಜವಾಗಿದ್ದರೆ ಕೊಟ್ಟುಬಿಡಿ. ಬೇಸರಕ್ಕೆಲ್ಲ ಬದಲಿಸುತ್ತಾ ಹೋಗಬೇಡಿ. ಐದನೆಯ ವಕೀಲರ ಕೈಗೆ ಬರುವ ಹೊತ್ತಿಗೆ ಕಡತ ಸೊರಗಿರುತ್ತದೆ.

ಹಣ ನುಂಗಿದ್ದು, ಎದುರು ಪಕ್ಷದೊಡನೆ ಕೈಜೋಡಿಸಿದ್ದು, ತಿಳಿಸದೆ ಪ್ರಕರಣ ಬಿಟ್ಟದ್ದು, ಇಂಥವು ದುರ್ನಡತೆ. ವಕೀಲರ ಕಾಯ್ದೆ, 1961ರ 35ನೇ ಕಲಮಿನಡಿ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಛೀಮಾರಿಯಿಂದ ಹಿಡಿದು ಪಟ್ಟಿಯಿಂದ ಹೆಸರು ತೆಗೆಯುವವರೆಗೆ ಶಿಕ್ಷೆಗಳಿವೆ. ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ತೀರ್ಮಾನವಾಗಿದೆ. ಸೋತದ್ದೊಂದೇ ದೂರಿಗೆ ಕಾರಣವಾಗದು. ಪ್ರತಿ ದಾವೆಯಲ್ಲೂ ಒಬ್ಬರು ಸೋಲುತ್ತಾರೆ, ಅವರ ವಕೀಲರು ಒಳ್ಳೆಯವರೇ ಆಗಿರಬಹುದು.

ತೀರ್ಪಿನ ದಿನ

ಗೆದ್ದರೂ ಸೋತರೂ ಅಂದೇ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ಸಿವಿಲ್ ತೀರ್ಪಿನ ಮೇಲೆ ಜಿಲ್ಲೆಯ ಮೇಲಿನ ನ್ಯಾಯಾಲಯಕ್ಕೆ ಹೋಗಲು 30 ದಿನ, ಹೈಕೋರ್ಟಿಗೆ 90 ದಿನ. ನಕಲು ತಯಾರಾಗಲು ಹಿಡಿದ ದಿನಗಳನ್ನು ಈ ಲೆಕ್ಕಕ್ಕೆ ಸೇರಿಸದೆ ಬಿಡುತ್ತಾರೆ, ಆದರೆ ಅರ್ಜಿ ಹಾಕಿದ್ದರೆ ಮಾತ್ರ. ಗೈರುಹಾಜರಿಯಲ್ಲಿ ಏಕಪಕ್ಷೀಯ ತೀರ್ಪಾಗಿದ್ದರೆ ಅದನ್ನು ತೆಗೆಸಲು 30 ದಿನ. ಮೇಲ್ಮನವಿಗೆ ಹೊಸ ವಕಾಲತ್ತು ಬೇಕು. ಅಂದರೆ ಅದೇ ವಕೀಲರೇ ಮುಂದುವರಿಯಬೇಕೆ ಎಂದು ಮತ್ತೊಮ್ಮೆ ಯೋಚಿಸಲು ನಿಮಗೆ ಅವಕಾಶ ಸಿಕ್ಕಿತು ಎಂದಾಯಿತು. ಸಾಕ್ಷಿಯನ್ನು ಚೆನ್ನಾಗಿ ಕೇಳುವವರೆಲ್ಲ ಮೇಲ್ಮನವಿಯನ್ನು ಚೆನ್ನಾಗಿ ವಾದಿಸುತ್ತಾರೆಂದಿಲ್ಲ. ನಾನಂತೂ ನನ್ನ ಕಕ್ಷಿದಾರರನ್ನು ಹೈಕೋರ್ಟಿನ ವಕೀಲರ ಬಳಿಗೆ ಕಳುಹಿಸುತ್ತೇನೆ, ಕಡತದ ಜೊತೆಗೆ ಎರಡು ಪುಟದ ಟಿಪ್ಪಣಿ ಬರೆದು.

ಮೊದಲು ಇದಕ್ಕೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಕಾಯ್ದಿರಿಸದ ಬೋಗಿಯ ಬಾಗಿಲಲ್ಲಿ ಕಡತದ ಮೇಲೆಯೇ ತಲೆಯಿಟ್ಟು ಮಲಗಿದವರನ್ನು ಆ ಕಾಲದಲ್ಲಿ ಕಂಡಿದ್ದೇನೆ. 2008ರ ಜುಲೈನಲ್ಲಿ ಇಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರ ಆಗಸ್ಟ್ 31ರಿಂದ ಅದು ಕಾಯಂ ಪೀಠವಾಯಿತು. ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಮೇಲ್ಮನವಿಗಳು ಈಗ ಇಲ್ಲಿಯೇ. ಬೀದರದಿಂದ ಬೆಳಿಗ್ಗೆ ಹೊರಟವರು ಹೊಸ ವಕೀಲರನ್ನು ಕಂಡು, ನಕಲು ಕೊಟ್ಟು, ಚೀಟಿ ಬರೆಸಿಕೊಂಡು, ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು.